ಅಳತೆಗೆ ಸಿಕ್ಕ ಹೊಟ್ಟೆ

ಬೆಳಗ್ಗೆ ಐದೂ ಮುಕ್ಕಾಲಿಗೆ ತೂಕದಣ್ಣನ ಪ್ಯಾಂಟಿನ ಗುಂಡಿ ಕಿತ್ತುಹೋಯಿತು.

ಕಿತ್ತ ಗುಂಡಿ ಎದುರಿನ ಗೋಡೆಗೆ ಬಡಿದು, ಅಡುಗೆಕಟ್ಟೆಯ ಮೇಲೆ ಪುಟಿದು, ಹೆಂಡತಿ ಡಬ್ಬಿಗೆ ತುಂಬಿಕೊಳ್ಳುತ್ತಿದ್ದ ಬ್ರೆಡ್ಡಿನ ಮೇಲೆ ಹೋಗಿ ಕೂತಿತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ, ಗಂಡನ ಮುಖ ಬಿಟ್ಟು ಹೊಟ್ಟೆಯನ್ನು ನೋಡಿದಳು.

"ಪಕ್ಕದ ಟೈಲರಕ್ಕನ ಹತ್ರ ಹಾಕಿಸ್ಕೊಳ್ಳಿ. ನನಗೆ ಬಸ್ಸು ಹೋಗುತ್ತೆ," ಅಂದಳು.

ಅವಳು ಶರ್ಟಿನ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಯಂತ್ರದ ಮುಂದೆ ಕೂರುವವಳು. ಅವಳ ಕೈ ದಾಟಿ ಹೋದ ಶರ್ಟುಗಳನ್ನು ಯಾವ ಯಾವ ದೇಶದ ಗಂಡಸರೋ ತೊಟ್ಟು ತಿರುಗುತ್ತಿದ್ದರು. ಮನೆಯ ಗಂಡಸಿನ ಒಂದು ಗುಂಡಿಗೆ ಮಾತ್ರ ಅವಳಿಗೆ ಪುರುಸೊತ್ತು ಇರಲಿಲ್ಲ.

ತೂಕದಣ್ಣ ಎಂಬ ಹೆಸರು ಅವನ ಹೊಟ್ಟೆ ನೋಡಿ ಇಟ್ಟದ್ದಲ್ಲ. ತರಕಾರಿಯ ಸಗಟು ಮಾರುಕಟ್ಟೆಯ ಬಾಗಿಲಲ್ಲಿ ಲಾರಿ ತೂಗುವ ವೇಬ್ರಿಜ್ ಇದೆ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಂತರೆ, ಕಿಟಕಿಯ ಹಿಂದೆ ಕೂತ ಇವನು ಅದರ ತೂಕದ ಚೀಟಿ ತೆಗೆದು ಕೊಡುತ್ತಾನೆ. ದಿನವಿಡೀ ಕೋಸು, ಹುರುಳಿಕಾಯಿ, ಕ್ಯಾರೆಟ್ಟು, ಸೊಪ್ಪು ಎಲ್ಲವೂ ಇವನ ಮೂಗಿನ ಕೆಳಗೇ ಹಾದು ದೂರದ ದೊಡ್ಡ ಅಂಗಡಿಗಳಿಗೂ ವಿಮಾನ ನಿಲ್ದಾಣಕ್ಕೂ ಹೋಗುತ್ತವೆ. ಇವನು ಮಾತ್ರ ಕೂತಲ್ಲೇ ಬನ್ನು ತಿನ್ನುತ್ತಾನೆ.

ಮೊದಲು ಹೀಗಿರಲಿಲ್ಲ. ಅದೇ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಕಾಲದಲ್ಲಿ ಅವನು ದೀಪದ ಕಂಬದಂತೆ ಇದ್ದ. ಮನೆಯಲ್ಲಿ ಅಮ್ಮ ದಪ್ಪ ಕಾಳಿನ ಗಂಜಿ ಕಾಯಿಸುತ್ತಿದ್ದಳು, ಹಿತ್ತಲ ಸೊಪ್ಪು ಬೇಯಿಸುತ್ತಿದ್ದಳು, ವಾರಕ್ಕೆರಡು ಸಲವಾದರೂ ಬೇಳೆ ಇರುತ್ತಿತ್ತು. ಆಮೇಲೆ ರಸ್ತೆ ಅಗಲವಾಗಿ ಹಿತ್ತಲು ಹೋಯಿತು. ಬೇಳೆ ಬೇಯಲು ತಗಲುವ ಗ್ಯಾಸು ಬೇಳೆಗಿಂತ ದುಬಾರಿಯಾಯಿತು. ಹೆಂಡತಿ ಕಾರ್ಖಾನೆ ಸೇರಿದಳು, ಅಮ್ಮನ ಕಣ್ಣಿಗೆ ಪೊರೆ ಬಂತು, ಇವನನ್ನು ಮೂಟೆಯ ಕೆಲಸದಿಂದ ಕುರ್ಚಿಗೆ ಕೂರಿಸಿದರು. ಹಗಲಿಗೆ ಬನ್ನು, ಕರಿದ ತಿಂಡಿಯ ಪೊಟ್ಟಣ, ನಾಲ್ಕು ಚಮಚ ಸಕ್ಕರೆಯ ಚಹಾ. ಅಗ್ಗ, ಹೊಟ್ಟೆ ತುಂಬುತ್ತದೆ, ಪಾತ್ರೆ ತೊಳೆಯಬೇಕಾಗಿಲ್ಲ. ಹೊಟ್ಟೆ ಬಂದಾಗ ಮಾವನ ಮನೆಯವರು ಅಳಿಯನಿಗೆ ಒಳ್ಳೆ ಕಾಲ ಬಂತು ಎಂದುಕೊಂಡರು. ಅಳಿಯನೂ ಇಲ್ಲವೆನ್ನಲಿಲ್ಲ. ಒಳ್ಳೆ ಕಾಲ ಬಂದಿದೆ ಎಂದು ಯಾರಾದರೂ ನಂಬಿರುವುದು ಅವನಿಗೆ ಹಿತವಾಗಿತ್ತು.

ರಾತ್ರಿ ಮಾತ್ರ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಸರ್ಕಾರದ ಪಡಿತರದ ಅಕ್ಕಿ, ಅದರ ಜೊತೆ ಬರುವ ಚೂರು ಬೇಳೆ. ಒಂದು ಪಾತ್ರೆ, ನಾಲ್ಕು ತಟ್ಟೆ. ಇಡೀ ದಿನದಲ್ಲಿ ಆ ಮನೆಯವರು ಬಿಸಿಯಾಗಿ, ಒಟ್ಟಿಗೆ ಕೂತು ಉಣ್ಣುತ್ತಿದ್ದದ್ದು ಅದೊಂದೇ.

ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವನು ಟೈಲರಕ್ಕನ ಬಾಗಿಲಿಗೆ ಹೋದಾಗ ಅಲ್ಲಿ ಗುಮಾಸ್ತರು ನಿಂತಿದ್ದರು. ನಿವೃತ್ತ ಗುಮಾಸ್ತರು. ನಿವೃತ್ತಿಯಾದ ಮೇಲೆ ಬೀದಿಯ ಎಲ್ಲ ಮನೆಗಳನ್ನೂ ತಮ್ಮ ಕಚೇರಿಗೆ ಸೇರಿಸಿಕೊಂಡವರು. ಅವರಿಗೆ ಪಿಂಚಣಿ ಬರುತ್ತಿತ್ತು, ಪಡಿತರ ಕಾರ್ಡು ಇರಲಿಲ್ಲ. ಅದಕ್ಕೇ ಉಳಿದವರ ಕಾರ್ಡುಗಳ ಬಗ್ಗೆ ಚಿಂತಿಸಲು ಅವರಿಗೆ ಬೇಕಾದಷ್ಟು ಸಮಯವಿತ್ತು.

ಅವರು ತೂಕದಣ್ಣನ ಹೊಟ್ಟೆಯನ್ನು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಸಾವಿನ ಮನೆಗೆ ಬಂದವರಂತೆ ತಲೆ ಆಡಿಸಿದರು.

"ಇವತ್ತು ಈ ಹೊಟ್ಟೆ ಹೊತ್ಕೊಂಡು ಆಚೆ ಬಂದ್ಯಲ್ಲಪ್ಪ."

ಏನಾಯಿತೆಂದು ತೂಕದಣ್ಣ ಕೇಳಿದ. ಆಹಾರ ಇಲಾಖೆಯ ಜೀಪು ಓಡಿಸುವವನು ಗುಮಾಸ್ತರ ಸೋದರಳಿಯ. ಅವನ ಬಾಯಿಂದ ಬಂದ ಸುದ್ದಿ. ಇಂದು ಸಂಜೆ ನಾಲ್ಕಕ್ಕೆ ಇಲಾಖೆಯವರು ಈ ಬೀದಿಗೆ ಬರುತ್ತಾರೆ. ಕಾರ್ಡು ಯಾರ ಹೆಸರಲ್ಲಿದೆಯೋ ಅವರ ಸೊಂಟಕ್ಕೆ ಟೇಪು ಹಿಡಿದು ಅಳೆಯುತ್ತಾರೆ. ಅಳತೆ ನೋಡಿ ಕಾರ್ಡು ಇಡಬೇಕೋ ತೆಗೆಯಬೇಕೋ ತೀರ್ಮಾನ. ಸೋದರಳಿಯನಿಗೆ ಗೊತ್ತಿದ್ದದ್ದು ಇಷ್ಟೇ. ಉಳಿದದ್ದನ್ನು ಗುಮಾಸ್ತರು ತಮ್ಮ ಅನುಭವದಿಂದ ತುಂಬಿಕೊಂಡಿದ್ದರು.

"ಸರ್ಕಾರದವರು ಕೊಡೋಕೆ ಅಂತ ಯಾವತ್ತಾದ್ರೂ ಅಳೆದಿದ್ದು ಕಂಡಿದ್ದೀಯಾ? ರಸ್ತೆ ಅಳೆದ್ರು, ಹಿತ್ತಲು ಹೋಯ್ತು. ನೀರು ಅಳೆದ್ರು, ನಲ್ಲಿ ದಿನ ಬಿಟ್ಟು ದಿನ ಆಯ್ತು. ಈಗ ಹೊಟ್ಟೆ ಅಳೀತಾರೆ. ಏನು ಹೋಗುತ್ತೆ, ನೀನೇ ಹೇಳು."

ತೂಕದಣ್ಣನಿಗೆ ರಾತ್ರಿಯ ಪಾತ್ರೆ ಕಣ್ಣ ಮುಂದೆ ಬಂತು. ಕಾರ್ಡು ಅವನ ಹೆಸರಲ್ಲೇ ಇತ್ತು. ಹೊಟ್ಟೆಯೂ ಅವನ ಹೆಸರಲ್ಲೇ ಇತ್ತು.

ಹೊಟ್ಟೆಯನ್ನು ಒಂದೇ ದಿನದಲ್ಲಿ ಕರಗಿಸಲು ಆಗುವುದಿಲ್ಲ, ಕಟ್ಟಬಹುದು ಎಂದು ಟೈಲರಕ್ಕ ಅಂದಳು. ಹಳೆಯ ಕ್ಯಾನ್ವಾಸ್ ಚೀಲವೊಂದನ್ನು ಬಿಚ್ಚಿ, ನಾಲ್ಕು ಮಡಿಕೆ ಹಾಕಿ, ದಬ್ಬಳದಲ್ಲಿ ಹೊಲಿದು, ಬೆನ್ನ ಕಡೆ ಕೊಕ್ಕೆಗಳನ್ನಿಟ್ಟು ಪಟ್ಟಿಯೊಂದನ್ನು ಮಾಡಿದಳು. ಗೋಡೆಗೆ ಕಾಲು ಕೊಟ್ಟು ಅವಳು ಹಿಂದಿನಿಂದ ಎಳೆದರೆ ಗುಮಾಸ್ತರು ಮುಂದಿನಿಂದ ಹೊಟ್ಟೆಯನ್ನು ಒಳಕ್ಕೆ ಒತ್ತಿದರು. ಕೊನೆಯ ಕೊಕ್ಕೆ ಬಿದ್ದಾಗ ತೂಕದಣ್ಣನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಒಳಗೆ ಹೋಗಬೇಕಾದ ಉಸಿರು ಹೊಸ್ತಿಲಲ್ಲೇ ನಿಂತು ಅನುಮತಿ ಕೇಳುತ್ತಿತ್ತು.

"ಅಕ್ಕ, ಇದನ್ನ ನಾಲ್ಕು ಗಂಟೆಗೇ ಕಟ್ಟಬಹುದಿತ್ತಲ್ಲ."

"ಹೊಟ್ಟೆಗೆ ಅಭ್ಯಾಸ ಆಗ್ಬೇಡ್ವಾ," ಅಂದರು ಗುಮಾಸ್ತರು, ಅಕ್ಕನ ಪರವಾಗಿ. "ಮತ್ತೆ ನೋಡು, ಸಂಜೆವರೆಗೆ ಏನೂ ತಿನ್ನಬೇಡ. ನೀರೂ ಗುಟುಕೇ."

ಹೊಟ್ಟೆಗೆ ತಣ್ಣೀರು ಬಟ್ಟೆ ಎಂದು ಜನ ಮಾತಿಗೆ ಹೇಳುತ್ತಾರೆ. ತೂಕದಣ್ಣ ಒಣ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೊರಟ. ಇವನು ಬೀದಿಯ ತಿರುವು ದಾಟುವ ಹೊತ್ತಿಗೆ ಟೈಲರಕ್ಕನ ಬಾಗಿಲಲ್ಲಿ ಇನ್ನೂ ನಾಲ್ಕಾರು ಹೊಟ್ಟೆಗಳು ಬಂದು ನಿಂತಿದ್ದವು.

ಮಾರುಕಟ್ಟೆಯಲ್ಲಿ ಮೊದಲ ತೊಂದರೆ ಕುರ್ಚಿಯದು. ಪಟ್ಟಿ ಕಟ್ಟಿದವನು ನಿಲ್ಲಬಹುದು, ಮಲಗಬಹುದು. ಕೂರಲು ಬರುವುದಿಲ್ಲ. ಅವನು ಕಿಟಕಿಯ ಹಿಂದೆ ನಿಂತೇ ಚೀಟಿ ಕೊಡತೊಡಗಿದ. ಕುರ್ಚಿ ಬಿಟ್ಟು ಎದ್ದ ತೂಕದಣ್ಣನನ್ನು ಹಿಂದೆಂದೂ ಕಾಣದ ಡ್ರೈವರುಗಳು, ಒಳಗೆ ಯಾರೋ ಸಾಹೇಬರು ತಪಾಸಣೆಗೆ ಬಂದಿದ್ದಾರೆ ಎಂದುಕೊಂಡು ತೆಪ್ಪಗೆ ಸಾಲಿನಲ್ಲಿ ನಿಂತರು. ದಿನವೂ ಇವನಿಗೆ ಬನ್ನು ತಂದುಕೊಡುತ್ತಿದ್ದ ಚಹಾದವನು ಇಂದೂ ತಂದ. ಬೇಡವೆಂದಾಗ, ನಿನ್ನೆಯ ಬನ್ನಿನಲ್ಲಿ ಏನಾದರೂ ಸಿಕ್ಕಿತೇ ಎಂದು ಮೆಲ್ಲಗೆ ವಿಚಾರಿಸಿದ.

ಹನ್ನೊಂದರ ಸುಮಾರಿಗೆ ಕೋಸಿನ ಲಾರಿ ಬಂತು. ಉದ್ದದ ಲಾರಿ. ಅಂಥದು ಬಂದಾಗ ಹಿಂದಿನ ಚಕ್ರಗಳು ಹಾಸಿನೊಳಗೆ ಇವೆಯೇ ಎಂದು ತೂಗುವವನೇ ಹೋಗಿ ನೋಡಿ ಬರಬೇಕು. ತೂಗುವಾಗ ಹಾಸಿನ ಮೇಲೆ ಯಾರೂ ಇರಕೂಡದು. ಇವೆರಡೂ ಇವನೇ ಇತರರಿಗೆ ಕಲಿಸಿದ ನಿಯಮ. ತೂಕದಣ್ಣ ಲಾರಿಯ ಹಿಂದಕ್ಕೆ ಹೋದ. ಚಕ್ರ ನೋಡಲು ಬಗ್ಗಿದ. ಬಗ್ಗಿದ್ದಷ್ಟೇ ನೆನಪು. ಕಣ್ಣಿಗೆ ಕತ್ತಲೆ ಕವಿದು, ಲಾರಿಯ ಹಿಂಬದಿಯ ಹಲಗೆ ಹಿಡಿದುಕೊಂಡು, ಕಬ್ಬಿಣದ ಹಾಸಿನ ಮೇಲೇ ಕುಸಿದ.

ಸಾಲು ಬೆಳೆಯುತ್ತಿರುವುದನ್ನು ಕಂಡ ಮ್ಯಾನೇಜರು, ಇವನು ಎಲ್ಲಿ ಹಾಳಾಗಿ ಹೋದ ಎಂದು ಗೊಣಗುತ್ತ, ತಾವೇ ಒಳಗೆ ಬಂದು ಚೀಟಿ ತೆಗೆದುಕೊಟ್ಟರು. ಲಾರಿ ಮುಂದಕ್ಕೆ ಹೋಯಿತು. ಹಾಸಿನ ಮೇಲೆ ತೂಕದಣ್ಣ ಉಳಿದ, ಸಂತೆ ಮುಗಿದ ಮೇಲೆ ಉಳಿದ ಕುಂಬಳಕಾಯಿಯ ಹಾಗೆ.

ಕೋಸು ಕೊಂಡ ವ್ಯಾಪಾರಿಗೆ ಬೇರೇನೂ ಬೇಕಿರಲಿಲ್ಲ. ಆಳನ್ನು ಲಾರಿಯ ಹಿಂದೆ ಕೂರಿಸಿ ತೂಕ ಏರಿಸುವುದು ಮಾರುಕಟ್ಟೆಯ ಹಳೆಯ ಮೋಸ. ಅವನು ಲಾರಿಯನ್ನು ಹಿಂದಕ್ಕೆ ಕರೆಸಿ ಮತ್ತೆ ತೂಗಿಸಿದ. ತೊಂಬತ್ತು ಕಿಲೋ ಕಡಿಮೆ ಬಂತು. ತೂಕದಣ್ಣನ ತೂಕ ಎಷ್ಟೆಂದು ಮಾರುಕಟ್ಟೆಗೆಲ್ಲ ಮುದ್ರಿತ ಪುರಾವೆ ಸಿಕ್ಕಂತಾಯಿತು.

"ಇವನ ಹೊಟ್ಟೆಗೂ ನಾನು ಕೋಸಿನ ರೇಟು ಕೊಡಬೇಕಾ?" ಎಂದು ವ್ಯಾಪಾರಿ ಮ್ಯಾನೇಜರನ್ನು ಕೇಳಿದ.

ಸುತ್ತ ನೆರೆದವರಲ್ಲಿ ಒಬ್ಬ ಡ್ರೈವರು, ತೊಂಬತ್ತು ಅಂತ ನೋಡಿದರೆ ಗೊತ್ತೇ ಆಗುವುದಿಲ್ಲ ಎಂದ. ಆ ಮಾತೊಂದು ತೂಕದಣ್ಣನ ಕಿವಿಗೆ ಬಿದ್ದು, ಅಂಥ ಸ್ಥಿತಿಯಲ್ಲೂ ಅವನ ಮುಖ ಅರಳಿತು. ಪಟ್ಟಿ ಕೆಲಸ ಮಾಡುತ್ತಿತ್ತು. ಅವನು ನಕ್ಕದ್ದನ್ನು ಮ್ಯಾನೇಜರು ಕಂಡರು. ಮೋಸ ಮಾಡಿದ್ದಲ್ಲದೆ ನಗುತ್ತಾನೆ ಎಂದು, ವಾರ ಪೂರ್ತಿ ಈ ಕಡೆ ತಲೆ ಹಾಕಬೇಡ ಎಂದರು. ವಾರದ ಸಂಬಳ ಹೋದದ್ದು ಅವನಿಗೆ ತಟ್ಟಿದ್ದು ಮನೆಯ ಹಾದಿಯಲ್ಲಿ. ಹೋದರೆ ಹೋಗಲಿ, ಕಾರ್ಡೊಂದು ಉಳಿದರೆ ರಾತ್ರಿಯ ಪಾತ್ರೆಯಾದರೂ ಒಲೆ ಏರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಮನೆಯಲ್ಲಿ ಅಮ್ಮ ಬಾಗಿಲ ಬಳಿ ಕೂತಿದ್ದಳು. ಶಾಲೆಯಿಂದ ಬಂದ ಮಗಳು ಕರಿದ ತಿಂಡಿಯ ಪೊಟ್ಟಣ ಹರಿದು ತಿನ್ನುತ್ತಿದ್ದಳು. ಮಗಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲವೆಂದು ಶಾಲೆಯಲ್ಲಿ ಹೇಳಿ ಕಳಿಸಿದ್ದರು. ಅಪ್ಪ ಅಡ್ಡಕ್ಕೆ ಬೆಳೆದ, ಮಗಳು ಉದ್ದಕ್ಕೆ ಬೆಳೆಯಲಿಲ್ಲ. ಇಬ್ಬರೂ ತಿಂದದ್ದು ಅದೇ ಅಂಗಡಿಯ ಅದೇ ಪೊಟ್ಟಣ.

ಅಮ್ಮ ಮಂಜುಗಣ್ಣಿನಲ್ಲೇ ಕೈ ಚಾಚಿ ಮಗನ ಹೊಟ್ಟೆ ಮುಟ್ಟಿದಳು. ಹಲಗೆ ತಾಗಿದಂತಾಯಿತು.

"ನಿಮ್ಮಪ್ಪ ಬರಗಾಲದಲ್ಲಿ ಪಕ್ಕೆಲುಬು ಕಾಣಬಾರದು ಅಂತ ಎರಡು ಅಂಗಿ ಹಾಕ್ಕೊಂಡು ಕೆಲಸ ಕೇಳೋಕೆ ಹೋಗ್ತಿದ್ರು. ನೀನು ಹೊಟ್ಟೆ ಮುಚ್ಕೊಂಡು ಅಕ್ಕಿ ಕೇಳೋಕೆ ಹೋಗ್ತಿದ್ದೀಯ," ಅಂದಳು. ಬಯ್ಯುತ್ತಿದ್ದಾಳೋ ಮರುಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ.

ಬೀದಿಗೆ ಬೀದಿಯೇ ಆ ಮಧ್ಯಾಹ್ನ ನೆಟ್ಟಗೆ ನಡೆಯುತ್ತಿತ್ತು. ಬಣ್ಣ ಬಳಿಯುವವನು, ಆಟೋದವನು, ಶಾಲೆಯ ಆಯಾ, ಎಲ್ಲರೂ ಕವಾಯತಿಗೆ ಬಂದ ಪೊಲೀಸರಂತೆ ಎದೆ ಸೆಟೆದು, ಮಾತಿಗೆ ಅರ್ಧ ಉಸಿರು ಮಾತ್ರ ಖರ್ಚು ಮಾಡುತ್ತಿದ್ದರು. ಕ್ಯಾನ್ವಾಸ್ ಮುಗಿದ ಮೇಲೆ ಟೈಲರಕ್ಕ ಗೋಣಿಗೆ ಕೈ ಹಾಕಿದ್ದಳು. ಗೋಣಿ ಕಟ್ಟಿಕೊಂಡವರು ನಿಂತಲ್ಲೇ ಕೆರೆದುಕೊಳ್ಳುತ್ತಿದ್ದರು.

ಕಟ್ಟದೆ ಬಿಟ್ಟವನು ಒಬ್ಬನೇ. ಬೀದಿಯ ಮೂಲೆಯ ಬೇಕರಿ ಮಾವ. ಬನ್ನು, ಪೊಟ್ಟಣ, ಬಣ್ಣದ ಪಾನೀಯ ಎಲ್ಲವೂ ಅವನಲ್ಲಿಂದಲೇ ಬೀದಿಗೆ ಬರುತ್ತಿತ್ತು. ಬೇಕರಿ ಬಾಮೈದನ ಹೆಸರಲ್ಲಿದ್ದುದರಿಂದ ಅವನಿಗೂ ಪಡಿತರ ಕಾರ್ಡು ಇತ್ತು. ಅವನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವಂಥದು. ಗುಮಾಸ್ತರು ಬುದ್ಧಿ ಹೇಳಲು ಹೋದಾಗ ಅವನು ಸ್ಟೂಲಿನಿಂದ ಏಳಲೂ ಇಲ್ಲ.

"ನಂದನ್ನ ಕಟ್ಟೋಕೆ ಲಾರಿ ಟಾರ್ಪಾಲೇ ಬೇಕು ಸ್ವಾಮಿ. ಹೋದ್ರೆ ಹೋಗುತ್ತೆ ಬಿಡಿ," ಅಂದ.

ನಾಲ್ಕಕ್ಕೆ ಬರಬೇಕಾದ ಜೀಪು ಐದಕ್ಕೆ ಬಂತು. ಆ ಒಂದು ಗಂಟೆಯಲ್ಲಿ ಆಯಾ ಎರಡು ಸಲ ತಲೆ ಸುತ್ತಿ ಕೂತಳು. ಜೀಪಿನಿಂದ ಇಳಿದವಳು ಇಲಾಖೆಯ ಚಿಕ್ಕ ವಯಸ್ಸಿನ ಅಧಿಕಾರಿ. ಕಡ್ಡಿಯಂತಿದ್ದಳು, ಕಾಲಲ್ಲಿ ಓಟದ ಬೂಟು, ಕೈಯಲ್ಲಿ ಟೇಪು ಮತ್ತು ಫೋನು. ಮೊದಲ ಮನೆ ತೂಕದಣ್ಣನದೇ. ಅಂಗಿಯ ಮೇಲೆಯೇ ಟೇಪು ಸುತ್ತಿದಳು. ತೂಕದಣ್ಣ ಇದ್ದಬದ್ದ ಉಸಿರನ್ನೆಲ್ಲ ಎದೆಗೆ ಏರಿಸಿ, ಕಣ್ಣು ಮುಚ್ಚಿ, ಹೆಂಡತಿಯನ್ನೂ ಮಗಳನ್ನೂ ನೆನೆದ.

"ಎಂಬತ್ತೊಂಬತ್ತು ಸೆಂಟಿಮೀಟರು," ಅಂದಳು ಅವಳು. "ದೇಹ ಚೆನ್ನಾಗಿ ಇಟ್ಕೊಂಡಿದ್ದೀರ. ಬೆಳಗ್ಗೆ ಏನು ತಿಂತೀರ?"

ಏನೂ ಇಲ್ಲ, ನೀರು ಎಂದ ತೂಕದಣ್ಣ. ಇಂದಿನ ಮಟ್ಟಿಗೆ ಅದು ನಿಜವೇ ಆಗಿತ್ತು. ಅವಳು ಮೆಚ್ಚಿ ತಲೆದೂಗಿ, ಅಳತೆಯನ್ನು ಫೋನಿನಲ್ಲಿ ಒತ್ತಿ ಕಳಿಸಿದಳು. ಗುಮಾಸ್ತರು ದೂರದಿಂದಲೇ ಕೈ ಎತ್ತಿ ಶಭಾಷ್ ಎಂಬಂತೆ ಸನ್ನೆ ಮಾಡಿದರು. ಮನೆಯಿಂದ ಮನೆಗೆ ಟೇಪು ಸಾಗಿತು. ಬೀದಿ ಎಲ್ಲಿಯೂ ಸೋಲಲಿಲ್ಲ. ತೊಂಬತ್ತು ದಾಟಿದವರು ಯಾರೂ ಇರಲಿಲ್ಲ.

ಕೊನೆಗೆ ಬೇಕರಿ. ಟೇಪು ಸಾಲದೆ ಅವಳು ಬೆರಳಿಟ್ಟು ಮತ್ತೆ ಅಲ್ಲಿಂದ ಸುತ್ತಿದಳು. ಬೀದಿಯವರೆಲ್ಲ ಅವನ ಕಾರ್ಡಿಗೆ ಮನಸ್ಸಿನಲ್ಲೇ ತರ್ಪಣ ಬಿಟ್ಟರು. ಅವಳು ಬ್ಯಾಗಿನಿಂದ ಒಂದು ಹಸಿರು ಕಾರ್ಡು ತೆಗೆದು ಅವನ ಕೈಗಿತ್ತಳು. ವಾರಕ್ಕೊಮ್ಮೆ ಸೊಪ್ಪು, ತರಕಾರಿ, ಬೇಳೆ, ಮೊಟ್ಟೆ. ಪಡಿತರದ ಅಕ್ಕಿಯೂ ಮುಂದುವರಿಯುತ್ತದೆ.

ಗುಮಾಸ್ತರಿಗೆ ಮೊದಲ ಬಾರಿ ಏನೂ ಅರ್ಥವಾಗಲಿಲ್ಲ. ದಪ್ಪಗಿರುವವರಿಗೆ ಯಾಕೆ ಎಂದು ಕೇಳಿದರು.

"ಅದು ಹಳೆ ಲೆಕ್ಕ," ಎಂದು ಅವಳು ಸಮಾಧಾನವಾಗಿ ಬಿಡಿಸಿ ಹೇಳಿದಳು. "ಈಗ ಉಳ್ಳವರು ಓಡ್ತಾರೆ, ಅಳೆದು ತಿಂತಾರೆ, ತೆಳ್ಳಗಿರ್ತಾರೆ. ಸೊಪ್ಪು ಬೇಳೆ ಕೊಳ್ಳೋಕಾಗದೆ ಬನ್ನು, ಪೊಟ್ಟಣ, ಸಕ್ಕರೆ ಚಹಾದಲ್ಲೇ ದಿನ ತಳ್ಳೋರಿಗೆ ಇಂಥ ಹೊಟ್ಟೆ ಬರುತ್ತೆ. ತೀರಾ ಸೊರಗಿದವರಿಗೂ ಕೊಡ್ತೀವಿ, ತೊಂಬತ್ತು ದಾಟಿದವರಿಗೂ ಕೊಡ್ತೀವಿ. ನಡುವೆ ಇರೋರು ಸರಿಯಾಗಿ ಉಣ್ಣೋರು. ಅವರ ಅಕ್ಕಿ ನಿಲ್ಲಿಸಿ, ಆ ದುಡ್ಡಲ್ಲೇ ಈ ಯೋಜನೆ."

ತೂಕದಣ್ಣ ಸುತ್ತ ನೋಡಿದ. ಬೀದಿಯಿಡೀ ನಡುವೆ ನಿಂತಿತ್ತು.

ಅವನ ಕೈ ತಾನಾಗಿ ಬೆನ್ನಿಗೆ ಹೋಯಿತು. ಕೊಕ್ಕೆ ಸಿಗಲಿಲ್ಲ. ಟೈಲರಕ್ಕ ಓಡಿ ಬಂದು ಬಿಚ್ಚಲು ಹೋದಳು, ತನ್ನ ಹೊಲಿಗೆಯ ಗಟ್ಟಿತನಕ್ಕೆ ತಾನೇ ಶಾಪ ಹಾಕಿದಳು, ಕೊನೆಗೆ ಕತ್ತರಿ ತಂದು ಪಟ್ಟಿಯನ್ನು ಕತ್ತರಿಸಿದಳು. ನಾಲ್ಕು ಗೇಣು ಕ್ಯಾನ್ವಾಸ್ ನೆಲಕ್ಕೆ ಬಿತ್ತು. ಹನ್ನೊಂದು ಗಂಟೆ ಸೆರೆಯಲ್ಲಿದ್ದ ಹೊಟ್ಟೆ ಅಂಗಿಯನ್ನು ತಳ್ಳಿಕೊಂಡು ಹೊರಬಂತು. ತೂಕದಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಷ್ಟರಲ್ಲಿ ಜೀಪು ಹತ್ತಲು ಹೊರಟಿದ್ದ ಅವಳ ಮುಂದೆ ಹೋಗಿ ನಿಂತ.

"ಮೇಡಂ, ಇನ್ನೊಂದ್ಸಲ ಅಳೀರಿ."

ಅವಳು ಹೊಟ್ಟೆ ನೋಡಿದಳು. ನೆಲದ ಮೇಲಿನ ಕ್ಯಾನ್ವಾಸ್ ನೋಡಿದಳು. ಬೇಸರದ ನಿಟ್ಟುಸಿರು ಬಿಟ್ಟಳು.

"ಬೆಳಗ್ಗೆ ಕಾಲುವೆ ಆಚೆ ಬೀದೀಲೂ ಹೀಗೇ ಆಯ್ತು. ಅವರಿಗೆ ವಿಷಯ ಮೊದಲೇ ಗೊತ್ತಾಗಿತ್ತು, ಅರ್ಧ ಜನ ದಿಂಬು ಕಟ್ಕೊಂಡು ನಿಂತಿದ್ರು. ನೀವು ಅಳತೆ ಮುಗಿದ ಮೇಲೆ ಕಟ್ಕೊಂಡ್ರಿ, ಅಷ್ಟೇ."

"ದಿಂಬಲ್ಲ ಮೇಡಂ. ಮುಟ್ಟಿ ನೋಡಿ, ನಂದೇ."

"ಅವರೂ ಹಾಗೇ ಅಂದ್ರು," ಎನ್ನುತ್ತ ಅವಳು ಟೇಪು ಸುತ್ತಿ ಬ್ಯಾಗಿಗೆ ಹಾಕಿಕೊಂಡಳು.

ತೂಕದಣ್ಣ ಅಂಗಿ ಎತ್ತಲು ಹೋದ. ಹೆಣ್ಣುಮಗಳ ಮುಂದೆ ಇದೇನು ಎಂದು ಜೀಪಿನ ಡ್ರೈವರು, ಅಂದರೆ ಗುಮಾಸ್ತರ ಸೋದರಳಿಯ, ಅವನ ಕೈ ಹಿಡಿದು ಗದರಿಸಿದ. ತಾನು ತೊಂಬತ್ತು ಕಿಲೋ ಇರುವುದಕ್ಕೆ ಮಾರುಕಟ್ಟೆಯೇ ಸಾಕ್ಷಿ, ಬೇಕಾದರೆ ವ್ಯಾಪಾರಿಯನ್ನು ಕೇಳಿ ಎಂದ ತೂಕದಣ್ಣ. ಲಾರಿಯ ಜೊತೆ ತೂಗಿದ್ದು ಲೆಕ್ಕಕ್ಕೆ ಬರುವುದಿಲ್ಲವೆಂದಳು. ಹಾಗಾದರೆ ಮಗಳ ಎತ್ತರವನ್ನಾದರೂ ಅಳೆಯಿರಿ ಎಂದು ಮಗಳನ್ನು ಎಳೆದುಕೊಂಡು ಬಂದ. ಮಕ್ಕಳ ಅಳತೆ ಬೇರೆ ಇಲಾಖೆಯದು, ಅವರು ಬಂದಾಗ ತೋರಿಸಿ ಎಂದಳು. ಫೋನಿನಿಂದ ಒಮ್ಮೆ ಹೋದ ಅಳತೆ ವಾಪಸು ಬರುವುದಿಲ್ಲ, ಮರು ಅಳತೆ ಮೂರು ವರ್ಷಕ್ಕೊಮ್ಮೆ. ಜೀಪು ಹೊರಟಿತು. ಗುಮಾಸ್ತರು ಯಾವಾಗಲೋ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.

ಏಳಕ್ಕೆ ಹೆಂಡತಿ ಬಂದಳು. ವಿಷಯವನ್ನು ಅವಳಿಗೆ ಬಸ್ಸು ಇಳಿದ ಕಡೆಯೇ ಯಾರೋ ಹೇಳಿದ್ದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಗಂಡನ ಮುಂದೆ ಕೂತಳು. ವಾರದ ಸಂಬಳದ ಮಾತನ್ನು ಅವನು ಆಗ ಹೇಳಿದ.

"ಒಂದು ದಿನ ಹೊಟ್ಟೆನ ಅದರ ಪಾಡಿಗೆ ಬಿಟ್ಟಿದ್ರೆ ಆಗ್ತಿರ್ಲಿಲ್ವೇನ್ರೀ?"

ಅವಳು ಎದ್ದು ಡಬ್ಬಿಯ ತಳದಲ್ಲಿದ್ದ ಅಕ್ಕಿಯನ್ನು ಅಳೆದು, ಅದರಲ್ಲಿ ಒಂದು ಹಿಡಿಯನ್ನು ಮತ್ತೆ ಡಬ್ಬಿಗೆ ಸುರಿದು, ಪಾತ್ರೆಯನ್ನು ಒಲೆಯ ಮೇಲಿಟ್ಟಳು.

ಮುಂದಿನ ತಿಂಗಳ ಮೊದಲ ತಾರೀಖು ಪಡಿತರ ಅಂಗಡಿಯ ಯಂತ್ರ ತೂಕದಣ್ಣನ ಹೆಬ್ಬೆರಳನ್ನು ಒಪ್ಪಿಕೊಳ್ಳಲಿಲ್ಲ. ಬೀದಿಯ ಹಲವು ಮನೆಗಳಲ್ಲಿ ರಾತ್ರಿಗೂ ಬನ್ನೇ ಆಯಿತು. ಬೇಕರಿ ಮಾವನ ಮನೆಯಲ್ಲಿ ಸೊಪ್ಪು ಯಾರಿಗೂ ಸೇರುತ್ತಿರಲಿಲ್ಲ, ಅದನ್ನು ಅವರು ದನಕ್ಕೆ ಹಾಕುತ್ತಿದ್ದರು. ಆ ತಿಂಗಳ ಕೊನೆಯಲ್ಲಿ ಅವನು ಬೇಕರಿಗೆ ಎರಡನೆಯ ಒಲೆ ಹಾಕಿಸಿದ.